ಐಪರ್ಫ್3: ಹೊಸ ಸ್ವಿಚ್ ಕೊಳ್ಳುವ ಮೊದಲು ಇದನ್ನೊಮ್ಮೆ ಓಡಿಸಿ

ಆಫೀಸಿನಲ್ಲೋ ಮನೆಯಲ್ಲೋ ಶೇರ್ ಫೋಲ್ಡರ್‌ನಿಂದ ಕಾಪಿ ಕುಂಟುತ್ತಿದೆ ಅಂದ ಕೂಡಲೇ ಜನ ಅಂಗಡಿಗೆ ಓಡುತ್ತಾರೆ. ಹೊಸ ಕೇಬಲ್, ಹೊಸ ಸ್ವಿಚ್ (ಕಂಪ್ಯೂಟರ್‌ಗಳ ಕೇಬಲ್‌ಗಳನ್ನು ಒಂದೆಡೆ ಸೇರಿಸುವ ಡಬ್ಬಿ), ಅದೂ ಆಗಲಿಲ್ಲ ಅಂದ್ರೆ ಹೊಸ ನಾಸ್, ಅಂದ್ರೆ ನೆಟ್‌ವರ್ಕ್‌ನಲ್ಲಿ ಎಲ್ಲರೂ ಫೈಲ್ ಇಡುವ ಡಿಸ್ಕ್ ಪೆಟ್ಟಿಗೆ. ಸುಮ್ನೆ ದುಡ್ಡು ಸುರಿಯಬೇಡಿ. ಮೊದಲು ಐಪರ್ಫ್3 ಓಡಿಸಿ, ಎರಡು ಮಷಿನ್ ನಡುವಿನ ನೆಟ್‌ವರ್ಕ್ ಸ್ಪೀಡ್ ಅಳೆಯುವ ಸಾಫ್ಟ್‌ವೇರ್ ಇದು. ಪೂರ್ತಿ ಉಚಿತ, ಮತ್ತು ನಾನು ಐದಕ್ಕೆ ಐದು ಸ್ಟಾರ್ ಕೊಡುವ ಕೆಲವೇ ಸಾಫ್ಟ್‌ವೇರ್‌ಗಳಲ್ಲಿ ಇದೂ ಒಂದು.

ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬ್‌ನ ಇಎಸ್‌ನೆಟ್ ತಂಡ ಇದನ್ನು ನೋಡಿಕೊಳ್ಳುತ್ತದೆ. ಒಂದು ಮಷಿನ್‌ನಲ್ಲಿ ಕಮಾಂಡ್ ಕಿಟಕಿ ತೆರೆದು ಐಪರ್ಫ್3 ಹೆಸರಿನ ಮುಂದೆ ಹೈಫನ್ ಎಸ್ ಕೊಟ್ಟು ಸರ್ವರ್ ಮಾಡಿ, ಇನ್ನೊಂದರಲ್ಲಿ ಹೈಫನ್ ಸಿ ಜೊತೆ ಆ ಸರ್ವರ್‌ನ ಐಪಿ ವಿಳಾಸ ಕೊಡಿ, ಅಷ್ಟೇ. ಹತ್ತು ಸೆಕೆಂಡಿನಲ್ಲಿ ಉತ್ತರ ಬರುತ್ತದೆ. ಇದರ ದೊಡ್ಡ ಗುಣ ಏನೆಂದರೆ, ಡೇಟಾ ಈ ಕಡೆಯ ರ‍್ಯಾಮ್‌ನಿಂದ ಆ ಕಡೆಯ ರ‍್ಯಾಮ್‌ಗೆ ಹೋಗುತ್ತದೆ, ಡಿಸ್ಕ್ ಮುಟ್ಟುವುದೇ ಇಲ್ಲ. ಹಾಗಾಗಿ ತಪ್ಪು ನೆಟ್‌ವರ್ಕಿನದೋ ಡಿಸ್ಕ್‌ನದೋ ಅನ್ನೋದು ಮೊದಲ ಹೆಜ್ಜೆಯಲ್ಲೇ ಬೇರೆಯಾಗುತ್ತದೆ.

ಲೆಕ್ಕ ಇಷ್ಟು ನೆನಪಿಟ್ಟುಕೊಳ್ಳಿ. ಗಿಗಾಬಿಟ್ ಲೈನ್‌ನಲ್ಲಿ ಸುಮಾರು 940 ಮೆಗಾಬಿಟ್ ಬಂದರೆ ನೆಟ್‌ವರ್ಕ್ ಗಟ್ಟಿ ಇದೆ ಅಂತ ಅರ್ಥ. ವಿಂಡೋಸ್ ಕಾಪಿ ಕಿಟಕಿಯಲ್ಲಿ ಅದು ಸೆಕೆಂಡಿಗೆ 110 ಎಂಬಿ ಆಸುಪಾಸು ಕಾಣುತ್ತದೆ, ಯಾಕಂದ್ರೆ ಎಂಟು ಬಿಟ್ ಸೇರಿ ಒಂದು ಬೈಟ್. ಸಾವಿರ ಅಂತ ಹೇಳಿ 110 ಕೊಡ್ತಿದ್ದಾರೆ ಅಂತ ಬೈಯುವವರನ್ನು ನಾನು ಆಗಾಗ ನೋಡುತ್ತೇನೆ, ಅಲ್ಲಿ ಯಾರದೂ ಮೋಸ ಇಲ್ಲ. 2.5 ಗಿಗಾಬಿಟ್‌ಗೆ 2.35, 10 ಗಿಗಾಬಿಟ್‌ಗೆ 9.4 ಬಂದರೆ ಸರಿ.

ಮದುವೆ ವಿಡಿಯೊ ಎಡಿಟ್ ಮಾಡುವ ಗೆಳೆಯನ ಸ್ಟುಡಿಯೊದಲ್ಲಿ ಒಂದು ಮಷಿನ್‌ಗೆ ಮಾತ್ರ 11 ಎಂಬಿ ಬರುತ್ತಿತ್ತು. ಐಪರ್ಫ್ ತೋರಿಸಿದ್ದು 94 ಮೆಗಾಬಿಟ್. ಆ ಅಂಕಿ ನೋಡಿದ ಮೇಲೆ ಹುಡುಕುವುದೇನೂ ಉಳಿಯುವುದಿಲ್ಲ, ಲಿಂಕ್ 100ಕ್ಕೆ ಇಳಿದು ಕೂತಿದೆ. 100 ಮೆಗಾಬಿಟ್‌ಗೆ ಕೇಬಲ್‌ನ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಗೋಡೆಯ ಸಾಕೆಟ್ ಬಿಚ್ಚಿದರೆ ಕಂದು ತಂತಿ ಅದರ ಸೀಳಿನೊಳಗೆ ಪೂರ್ತಿ ಕೂತಿರಲಿಲ್ಲ, ಮೇಲೆ ಹಾಗೇ ತೇಲುತ್ತಿತ್ತು. ಪಂಚ್ ಟೂಲ್‌ನಲ್ಲಿ ಒಂದು ಸಲ ಒತ್ತಿದ್ದಕ್ಕೆ 941 ಬಂತು. ಅವನು ಆಗಲೇ ಹೊಸ ಸ್ವಿಚ್‌ಗೆ ಕೊಟೇಶನ್ ತರಿಸಿದ್ದ.

ಅದೇ ಸ್ಟುಡಿಯೊದ ಇನ್ನೊಂದು ದೂರು ಬೇರೆ ಥರದ್ದು. 2.5 ಗಿಗಾಬಿಟ್ ನಾಸ್‌ಗೆ ಬರೆಯುವಾಗ ಶುರುವಿನಲ್ಲಿ 280 ಎಂಬಿ ಓಡುತ್ತದೆ, ಸ್ವಲ್ಪ ಹೊತ್ತಿಗೆ 160ಕ್ಕೆ ಬೀಳುತ್ತದೆ. ಐಪರ್ಫ್ ಮಾತ್ರ ಎಷ್ಟು ಹೊತ್ತು ಬಿಟ್ಟರೂ 2.35ರಿಂದ ಕದಲಲಿಲ್ಲ. ಅಂದ್ರೆ ಮೊದಲ ಓಟ ನಾಸ್‌ನ ರ‍್ಯಾಮ್‌ನದು, ಅದು ತುಂಬಿದ ಮೇಲೆ ಕಾಣುವುದು ಹಾರ್ಡ್ ಡಿಸ್ಕ್‌ನ ನಿಜವಾದ ಸ್ಪೀಡ್. ಎಸ್‌ಎಂಆರ್ ಡಿಸ್ಕ್ (ಟ್ರ್ಯಾಕ್‌ಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವ ಹಾರ್ಡ್ ಡಿಸ್ಕ್) ಆಗಿದ್ದರೆ ಇನ್ನೂ ಕೆಳಗೆ ಹೋಗುತ್ತದೆ. ಇದಕ್ಕೆ ಯಾವ ಕೇಬಲ್ಲೂ ಮದ್ದಲ್ಲ.

ಹೈಫನ್ ದೊಡ್ಡ ಆರ್ ಕೊಟ್ಟು ಉಲ್ಟಾ ದಿಕ್ಕಿನಲ್ಲೂ ಅಳೆಯಿರಿ, ದಯವಿಟ್ಟು ಮರೆಯಬೇಡಿ. ಒಂದು ಕಡೆ ಚೆನ್ನಾಗಿ ಹೋಗಿ ಇನ್ನೊಂದು ಕಡೆ ಸೊರಗಿದರೆ ನಾನು ಮೊದಲು ನೆಟ್‌ವರ್ಕ್ ಕಾರ್ಡಿನ ಡ್ರೈವರ್ ನೋಡುತ್ತೇನೆ. ಯುಎಸ್‌ಬಿ ಅಡಾಪ್ಟರ್ ಆದರೆ ಯಾವ ಪೋರ್ಟ್‌ಗೆ ಚುಚ್ಚಿದ್ದೀರಿ ನೋಡಿ. ಯುಎಸ್‌ಬಿ 2.0ರ ಮಿತಿಯೇ 480 ಮೆಗಾಬಿಟ್, ಅದರಲ್ಲಿ 2.5 ಗಿಗಾಬಿಟ್ ಅಡಾಪ್ಟರ್ ಹಾಕಿ ಏನು ಪ್ರಯೋಜನ ಹೇಳಿ?

ಐಪರ್ಫ್‌ಗೆ ಕಾಣದ್ದೂ ಇದೆ. ವಿಂಡೋಸ್ ಶೇರ್ ಫೋಲ್ಡರ್ ಬಳಸುವ ಎಸ್‌ಎಂಬಿ ಎಂಬ ಫೈಲ್ ಹಂಚಿಕೆ ವಿಧಾನದ ಬಗ್ಗೆ ಅದು ಏನೂ ಹೇಳುವುದಿಲ್ಲ. ಒಂದೇ 10 ಜಿಬಿ ಫೈಲ್ ಪೂರ್ತಿ ಸ್ಪೀಡಿನಲ್ಲಿ ಹೋಗಿ, ಅಷ್ಟೇ ತೂಕದ ಸಾವಿರಾರು ಫೋಟೋ ಎಳೆದಾಡಿದರೆ, ಪ್ರತಿ ಫೈಲ್‌ಗೂ ತೆರೆ, ಬರೆ, ಮುಚ್ಚು ಅನ್ನುವ ಮಾತುಕತೆಗೇ ಸಮಯ ಹೋಗುತ್ತಿದೆ ಅಂತ ತಿಳಿಯಿರಿ. ಅಲ್ಲಿ ವಿಂಡೋಸ್‌ನದೇ ಕಾಪಿ ಕಮಾಂಡ್ ಆದ ರೋಬೋಕಾಪಿಯ ಎಂಟಿ ಆಯ್ಕೆ ತುಂಬಾ ಸಹಾಯ ಮಾಡುತ್ತದೆ, ಒಟ್ಟಿಗೆ ಎಂಟು ಥ್ರೆಡ್, ಅಂದ್ರೆ ಎಂಟು ಕೆಲಸ ಓಡಿಸುತ್ತದೆ. ಆಂಟಿವೈರಸ್ ಪ್ರತಿ ಫೈಲನ್ನೂ ತಡವುತ್ತಿದೆಯಾ ಅಂತಲೂ ನೋಡಿ. ವಿಂಡೋಸ್ 11ರ 24ಎಚ್2 ಪ್ರೊಗೆ ಬಂದ ಮೇಲೆ ನಿಧಾನ ಆಯ್ತು ಅನ್ನಿಸಿದರೆ ಎಸ್‌ಎಂಬಿ ಸೈನಿಂಗ್ (ಪ್ರತಿ ಸಂದೇಶಕ್ಕೂ ಸಹಿ ಹಾಕಿ ಪರೀಕ್ಷಿಸುವುದು) ಕಾರಣ ಇರಬಹುದು, ಈಗ ಅದು ಡೀಫಾಲ್ಟ್ ಆಗಿ ಕಡ್ಡಾಯ. ಕಾಪಿ ಆಗುವಾಗ ಹಳೇ ನಾಸ್‌ನ ಸಿಪಿಯು 100ಕ್ಕೆ ಮುಟ್ಟುತ್ತಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಹಾಗಂತ ಸೈನಿಂಗ್ ಆಫ್ ಮಾಡಿ ಅಂತ ನಾನು ಹೇಳಲ್ಲ, ಅದು ನಿಮ್ಮ ಡೇಟಾ ದಾರಿಯಲ್ಲಿ ಬದಲಾಗದಂತೆ ಕಾಯುತ್ತದೆ. ಜಂಬೊ ಫ್ರೇಮ್, ಅಂದ್ರೆ ಡೇಟಾವನ್ನು ದೊಡ್ಡ ದೊಡ್ಡ ಕಂತೆ ಮಾಡಿ ಕಳಿಸುವ ಸೆಟ್ಟಿಂಗ್, ಕೊನೆಗೆ ಮುಟ್ಟಿ. ಎರಡು ಮಷಿನ್, ನಡುವಿನ ಸ್ವಿಚ್ ಎಲ್ಲದರಲ್ಲೂ ಹೊಂದದಿದ್ದರೆ ಇರುವುದೂ ಹಾಳಾಗುತ್ತದೆ.

ಕೊರತೆಗಳು? ಬಟನ್ ಒತ್ತುವ ಕಿಟಕಿ ಇಲ್ಲ. ವಿಂಡೋಸ್‌ಗೆ ಅಧಿಕೃತ ಬೆಂಬಲ ಇಲ್ಲ, ಹಾಗಾಗಿ 3.1.3ರಂಥ ಹಳೇ ಕಾಪಿಗಳು ಇನ್ನೂ ಸುತ್ತಾಡುತ್ತಿವೆ. 10 ಗಿಗಾಬಿಟ್ ಅಳೆಯುವವರು 3.16 ಅಥವಾ ಅದಕ್ಕಿಂತ ಹೊಸದನ್ನೇ ಹಾಕಿಕೊಳ್ಳಿ. ಅದಕ್ಕೂ ಹಿಂದಿನವು ಎಷ್ಟು ಸ್ಟ್ರೀಮ್ (ಒಟ್ಟಿಗೆ ಹರಿಯುವ ಕನೆಕ್ಷನ್) ಕೊಟ್ಟರೂ ಒಂದೇ ಥ್ರೆಡ್‌ನಲ್ಲಿ ಓಡುತ್ತವೆ, ಆಗ ನೀವು ಅಳೆಯುವುದು ನೆಟ್‌ವರ್ಕನ್ನಲ್ಲ, ಸಿಪಿಯುನ ಒಂದು ಕೋರನ್ನು. ಕನೆಕ್ಟ್ ಆಗಲಿಲ್ಲ ಅಂದ್ರೆ ಫೈರ್‌ವಾಲ್‌ನಲ್ಲಿ 5201 ಪೋರ್ಟ್ ತೆರೆಯಿರಿ, ಟೆಸ್ಟ್ ಮುಗಿದ ಮೇಲೆ ಮುಚ್ಚಿಬಿಡಿ.