ಮೊದಲ ರಿವಾಲ್ವರಿಗೆ ಯಾವ ಬೋರು? .32 ಮತ್ತು .22 ತೋಟಾಗಳ ವಿಮರ್ಶೆ

ಮಲೆನಾಡಿನ ತೋಟದ ಮನೆಗಳಿಗೆ ಕೋವಿ ಹೊಸ ವಸ್ತುವಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಜ್ಜನ ಹೆಸರಿನಿಂದ ಮೊಮ್ಮಗನ ಹೆಸರಿಗೆ ಬಂದ ಕೇಪಿನ ಕೋವಿಯನ್ನೋ ಜೋಡುನಳಿಗೆಯ ತೋಟಾ ಕೋವಿಯನ್ನೋ ಇಟ್ಟುಕೊಂಡ ಮನೆಗಳು ಬೇಕಾದಷ್ಟಿವೆ. ಆದರೆ ರಿವಾಲ್ವರನ್ನೋ ಪಿಸ್ತೂಲನ್ನೋ ಮೊದಲ ಸಲ ಕೊಳ್ಳಲು ಹೊರಟವರಿಗೆ ಆ ಬಳಕೆ ಅಷ್ಟಾಗಿ ನೆರವಿಗೆ ಬರುವುದಿಲ್ಲ. ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವುದೆಲ್ಲ ಬೋರಿನಲ್ಲಿ, ಅಂದರೆ ನಳಿಗೆಯ ಒಳ ಅಳತೆಯಲ್ಲಿ, 9 ಮಿ.ಮೀ. ಹೆಚ್ಚೋ .45 ಇಂಚು ಹೆಚ್ಚೋ ಎಂಬ ಅಮೆರಿಕದ ವಾದವೇ ಆಗಿದ್ದು, ಶಿವಮೊಗ್ಗದಲ್ಲಿ ಕುಳಿತು ಅದನ್ನು ಓದುವುದರಿಂದ ಹೊತ್ತು ಹೋಗುತ್ತದೆಯೇ ಹೊರತು ಬೇರೆ ಪ್ರಯೋಜನವಿಲ್ಲ. 9 ಮಿ.ಮೀ. ಪ್ಯಾರಾಬೆಲಮ್ ಮತ್ತು .38 ಎರಡೂ ನಮ್ಮಲ್ಲಿ ಸೇನೆ, ಪೊಲೀಸರ ಬಳಕೆಯ ಬೋರುಗಳು, ಅಂದರೆ ನಿಷೇಧಿತ ಬೋರುಗಳು. ಜಿಲ್ಲಾಧಿಕಾರಿಗಳು ಸಾಮಾನ್ಯ ಅರ್ಜಿದಾರನಿಗೆ ಕೊಡುವ ಲೈಸೆನ್ಸು ನಿಷೇಧವಿಲ್ಲದ ಬೋರಿನದು. ಅಂಗಡಿಯ ಗಾಜಿನ ಪೆಟ್ಟಿಗೆಯ ಮುಂದೆ ನಿಂತಾಗ ನಿಜವಾಗಿ ಉಳಿಯುವ ಆಯ್ಕೆಗಳು ಮೂರು: .32 ರಿವಾಲ್ವರ್ (ತೋಟಾಗಳು ತಿರುಗುವ ಸಿಲಿಂಡರಿನ ಕೋಣೆಗಳಲ್ಲಿರುವುದು), .32 ಪಿಸ್ತೂಲು (ಹಿಡಿಯೊಳಗಿನ ಮ್ಯಾಗಜಿನ್‌ನಿಂದ ತೋಟಾ ನಳಿಗೆಗೆ ಏರುವುದು) ಮತ್ತು .22.

ಈ ಮೂರರಲ್ಲಿ ಮೊದಲ ಖರೀದಿಗೆ ನನ್ನ ಮತ .32 ರಿವಾಲ್ವರಿಗೆ. ಅದು ಬಲಶಾಲಿ ಎಂದು ಈ ಮಾತು ಹೇಳುತ್ತಿಲ್ಲ, ಏಕೆಂದರೆ ಅದು ಬಲಶಾಲಿಯೇ ಅಲ್ಲ. ತುಂಬಿದೆಯೋ ಖಾಲಿಯೋ ಎಂಬುದು ಹೊಸಬನ ಕಣ್ಣಿಗೂ ಸ್ಪಷ್ಟವಾಗಿ ಕಾಣುತ್ತದೆ, ಒದೆತ ಕಡಿಮೆ, ನಮ್ಮ ಮಳೆಗಾಲದ ತೇವದಲ್ಲಿ ತೋಟಾ ಕೈಕೊಟ್ಟರೂ ಆಯುಧವೇ ಸಿಕ್ಕಿಕೊಂಡು ನಿಲ್ಲುವುದಿಲ್ಲ.

ಕಾನೂನಿನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಯ ವಿಚಾರದಲ್ಲಿ ಹೇಳುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ರಕ್ಷಣೆ ಮತ್ತು ಕ್ರೀಡೆಗೆ ಹೇಳುವುದು 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿಯನ್ನು. ರಿವಾಲ್ವರಾಗಲಿ ಪಿಸ್ತೂಲಾಗಲಿ ಈ ಎರಡರಲ್ಲೂ ಸೇರದ ಕಾರಣ, ಅದಕ್ಕೆ ಸಕಾರಣವಿದೆ ಎಂದು ಅರ್ಜಿದಾರನೇ ಮನವರಿಕೆ ಮಾಡಿಕೊಡಬೇಕಾಗುತ್ತದೆ. ‘ತೋಟಕ್ಕೆ ಹಂದಿ ಬರುತ್ತದೆ’ ಎಂದು ಬರೆದು .32 ಕೇಳುವ ಅರ್ಜಿ ಅಲ್ಲಿಗೇ ಸೋಲುತ್ತದೆ, ಸೋಲುವುದೂ ನ್ಯಾಯವೇ: ಕಾಡುಹಂದಿಯ ಮೇಲೆ ಈ ಗುಂಡು ಕೆಲಸಕ್ಕೆ ಬಾರದು, ಅನುಮತಿಯಿಲ್ಲದೆ ಹೊಡೆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇರೆ ಇದೆ. ಅಡಿಕೆ ಮಾರಿದ ನಗದನ್ನು ಹೊತ್ತು ಘಟ್ಟದ ರಸ್ತೆಯಲ್ಲಿ ಬರುತ್ತೇನೆ ಎಂಬ ಕಾರಣವೂ ಮಂಡಿಯ ಹಣ ಬ್ಯಾಂಕ್ ಖಾತೆಗೆ ಬೀಳುವ ಈ ಕಾಲದಲ್ಲಿ ಹಿಂದಿನಷ್ಟು ತೂಗುವುದಿಲ್ಲ. 2019ರ ತಿದ್ದುಪಡಿಯ ಬಳಿಕ ಒಬ್ಬರು ಇಟ್ಟುಕೊಳ್ಳಬಹುದಾದ ಆಯುಧಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಆದ್ದರಿಂದ ಈಗಾಗಲೇ ಎರಡು ಕೋವಿಗಳು ತಮ್ಮ ಹೆಸರಿನಲ್ಲಿರುವವರು ಮುಂದೆ ಓದುವ ಮೊದಲು ಯಾವುದನ್ನು ಬಿಟ್ಟುಕೊಡುತ್ತೇವೆ ಎಂದು ಮನೆಯಲ್ಲಿ ಮಾತಾಡಿಕೊಳ್ಳುವುದು ಲೇಸು.

ಈಗ .32 ರಿವಾಲ್ವರಿನ ತೋಟಾ. ಇದರ ಪೂರ್ಣ ಹೆಸರು .32 ಸ್ಮಿತ್ ಆ್ಯಂಡ್ ವೆಸನ್ ಲಾಂಗ್. 1896ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು, ನಮ್ಮ ಸರ್ಕಾರಿ ಕಾರ್ಖಾನೆಯ ಲೆಕ್ಕದಲ್ಲಿ (ಬೋರು × ತೋಟಾದ ಕೊಳವೆಯ ಉದ್ದ) 7.65×23 ಮಿ.ಮೀ. ಸುಮಾರು 6.3 ಗ್ರಾಂ ತೂಕದ ಸೀಸದ ಗುಂಡು ಸೆಕೆಂಡಿಗೆ ಹೆಚ್ಚುಕಡಿಮೆ 215 ಮೀಟರ್ ವೇಗದಲ್ಲಿ ಹೊರಡುತ್ತದೆ. ಆ ಲೆಕ್ಕಕ್ಕೆ ಅದರ ಶಕ್ತಿ 150 ಜೌಲ್‌ಗಳ ಆಸುಪಾಸು, ಅಂದರೆ 9 ಮಿ.ಮೀ. ತೋಟಾದ ಮೂರರಲ್ಲಿ ಒಂದು ಪಾಲು. ಈ ಅಂಕಿಯನ್ನು ಹಿಡಿದು ಮೂಗು ಮುರಿಯುವವರು ಅದರ ಇನ್ನೊಂದು ಮುಖವನ್ನು ನೋಡಿರುವುದಿಲ್ಲ. ಇದೇ ಅಳತೆಯ ತೋಟಾಕ್ಕೆ ಚಪ್ಪಟೆ ತಲೆಯ ವಾಡ್‌ಕಟರ್ ಗುಂಡು ಹಾಕಿ 25 ಮೀಟರ್ ಸೆಂಟರ್‌ಫೈರ್ ಪಿಸ್ತೂಲು ಸ್ಪರ್ಧೆಯಲ್ಲಿ ಜಗತ್ತಿನ ಶೂಟರ್‌ಗಳು ಬಳಸುತ್ತಾರೆ. ನಿಖರತೆ ಆ ತೋಟಾದ ಹುಟ್ಟುಗುಣ. ಸುಮಾರು 700 ಗ್ರಾಂ ತೂಕದ ಉಕ್ಕಿನ ರಿವಾಲ್ವರಿನಲ್ಲಿ ಅದರ ಒದೆತ ಮಣಿಕಟ್ಟನ್ನು ಅಲುಗಿಸುವಷ್ಟೂ ಇರುವುದಿಲ್ಲ; ತೋಟಾ ಕೋವಿಯ ಒದೆತಕ್ಕೆ ಹೆಗಲು ಕೊಟ್ಟವರಿಗೆ ಇದು ಆಟದ ಸಾಮಾನಿನಂತೆ ಕಂಡೀತು, ಆ ಭಾವನೆಯೇ ಅಪಾಯಕಾರಿ ಎಂಬುದು ಬೇರೆ ಮಾತು. ಒದೆತಕ್ಕೆ ಹೆದರಿ ಟ್ರಿಗರ್ ಎಳೆಯುವ ಮುನ್ನವೇ ಕಣ್ಣು ಮುಚ್ಚುವ ಚಾಳಿ ಹೊಸಬರಲ್ಲಿ ಬೇಗ ಬೇರೂರುತ್ತದೆ, ಬಿಡಿಸುವುದು ಕಷ್ಟ. ಈ ಬೋರಿನಲ್ಲಿ ಕಲಿತವರಿಗೆ ಆ ಚಾಳಿ ಅಂಟುವ ಸಂಭವ ಕಡಿಮೆ.

ಕಾನ್ಪುರದ ಸರ್ಕಾರಿ ಕಾರ್ಖಾನೆಗಳ .32 ರಿವಾಲ್ವರು ಬಹುಕಾಲ ನಡುವೆ ಮಡಚಿ ತೆರೆಯುವ, ಬ್ರಿಟನ್ನಿನ ವೆಬ್ಲಿ ಕಂಪನಿಯ ಹಳೆಯ ಮಾದರಿಯದಾಗಿತ್ತು. 2014ರಲ್ಲಿ ಬಂದ ‘ನಿರ್ಭೀಕ್’ ಅದರದೇ ಹಗುರ ರೂಪ: ಟೈಟೇನಿಯಂ ಮಿಶ್ರಲೋಹದ್ದು, 500 ಗ್ರಾಂ ತೂಕದ್ದು, ಮಹಿಳೆಯರಿಗಾಗಿ ಎಂದು ಪ್ರಚಾರ ಪಡೆದದ್ದು. ಈ ಸರ್ಕಾರಿ ಕಾರ್ಖಾನೆಗಳನ್ನು ನಡೆಸುತ್ತಿದ್ದ ಆರ್ಡ್‌ನೆನ್ಸ್ ಕಾರ್ಖಾನೆಗಳ ಮಂಡಳಿ 2021ರ ಅಕ್ಟೋಬರಿನಲ್ಲಿ ಏಳು ಕಂಪನಿಗಳಾಗಿ ಒಡೆದ ಮೇಲೆ, ಕಾನ್ಪುರದ ಅಡ್ವಾನ್ಸ್ಡ್ ವೆಪನ್ಸ್ ಆ್ಯಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಕಂಪನಿಯು 2023ರ ಆಗಸ್ಟ್‌ನಲ್ಲಿ ‘ಪ್ರಬಲ್’ ಎಂಬ ರಿವಾಲ್ವರನ್ನು ಹೊರತಂದಿತು. ಇದರ ಸಿಲಿಂಡರು ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ತೂಕ 700 ಗ್ರಾಂ, ನಳಿಗೆ 76 ಮಿ.ಮೀ. ನನ್ನನ್ನು ಕೇಳಿದರೆ ಮೊದಲ ಖರೀದಿಗೆ ಹಗುರವಾದದ್ದಕ್ಕಿಂತ ಭಾರವಾದದ್ದೇ ಮೇಲು. 200 ಗ್ರಾಂ ಉಳಿಸಿದ ಸುಖ ಸೊಂಟಕ್ಕೆ ಸಿಗುತ್ತದೆ, ಅದರ ಬೆಲೆಯನ್ನು ಕೈ ತೆರಬೇಕಾಗುತ್ತದೆ. ಇನ್ನು ಡಬಲ್ ಆ್ಯಕ್ಷನ್‌ನಲ್ಲಿ, ಅಂದರೆ ಕುದುರೆಯನ್ನು (ತೋಟಾಕ್ಕೆ ಬಡಿಯುವ ಸುತ್ತಿಗೆಯನ್ನು) ಮೊದಲೇ ಎಳೆದಿಡದೆ ನೇರವಾಗಿ ಟ್ರಿಗರ್ ಎಳೆಯುವಾಗ, ಯಾವ ರಿವಾಲ್ವರಾದರೂ ಬೆರಳಿಗೆ ಭಾರವೇ; ಹೊಸಬನ ಈಡು ಪಕ್ಕಕ್ಕೋ ಕೆಳಕ್ಕೋ ಜಾರುವುದಕ್ಕೆ ಬಹುಪಾಲು ಕಾರಣ ಬೋರಲ್ಲ, ಈ ಎಳೆತ.

.32 ಪಿಸ್ತೂಲಿನ ತೋಟಾ ಇನ್ನೊಂದೇ ಜಾತಿ. ಅಮೆರಿಕದ ಆಯುಧ ವಿನ್ಯಾಸಕ ಜಾನ್ ಬ್ರೌನಿಂಗ್ 1899ರ ಸುಮಾರಿಗೆ ರೂಪಿಸಿದ ಈ .32 ಎಸಿಪಿ (ಆಟೊಮ್ಯಾಟಿಕ್ ಕೋಲ್ಟ್ ಪಿಸ್ತೂಲ್) ತೋಟಾದ ಅಳತೆ 7.65×17 ಮಿ.ಮೀ., ಗುಂಡು 4.6 ಗ್ರಾಂ, ಹಗುರವಾದ್ದರಿಂದ ವೇಗ ಹೆಚ್ಚು, ಶಕ್ತಿ ಮಾತ್ರ ರಿವಾಲ್ವರ್ ತೋಟಾದಿಂದ ಬಹಳ ದೂರವೇನೂ ಇಲ್ಲ. ಎರಡನ್ನೂ ಜನ ‘ಮೂವತ್ತೆರಡು’ ಎಂದೇ ಕರೆಯುವುದರಿಂದ ಹೊಸಬರಿಗೆ ಗೊಂದಲವಾಗುತ್ತದೆ. ‘ಗೌಡ್ರೇ, ಎರಡೂ ಮೂವತ್ತೆರಡೇ, ಆದ್ರೆ ಒಂದರ ತೋಟಾ ಇನ್ನೊಂದಕ್ಕೆ ಆಗಲ್ಲ’ ಎಂದು ಅಂಗಡಿಯವರು ಗಿರಾಕಿಗೆ ಬಿಡಿಸಿ ಹೇಳುವುದನ್ನು ಕೇಳಿದ್ದೇನೆ, ಇದು ಹೇಳಿಸಿಕೊಳ್ಳಬೇಕಾದ ಮಾತೇ. ಲೈಸೆನ್ಸಿನಲ್ಲಿ ರಿವಾಲ್ವರ್ ಎಂದಿದೆಯೋ ಪಿಸ್ತೂಲ್ ಎಂದಿದೆಯೋ ಎಂಬುದೂ ಮುಖ್ಯ. ಅರ್ಜಿ ತುಂಬುವಾಗಲೇ ಇದನ್ನು ತೀರ್ಮಾನಿಸದಿದ್ದರೆ ಬದಲಾವಣೆಗಾಗಿ ಮತ್ತೆ ಜಿಲ್ಲಾಧಿಕಾರಿಗಳ ಕಚೇರಿಯ ಮೆಟ್ಟಿಲು ಹತ್ತಬೇಕು.

‘ಅಶನಿ’ಯಂಥ .32 ಪಿಸ್ತೂಲುಗಳು ತೆಳ್ಳಗಿದ್ದು ಇಟ್ಟುಕೊಳ್ಳಲು ಅನುಕೂಲ ಎಂಬುದು ನಿಜ. ಆದರೂ ಮೊದಲ ಆಯುಧವಾಗಿ ಅವನ್ನು ನಾನು ಸೂಚಿಸುವುದಿಲ್ಲ, ಅದಕ್ಕೆ ಒಂದೇ ಕಾರಣ ಸಾಕು: ಮ್ಯಾಗಜಿನ್ ಹೊರತೆಗೆದ ಮೇಲೂ ನಳಿಗೆಯ ಬುಡದಲ್ಲಿ ಒಂದು ತೋಟಾ ಉಳಿದಿರಬಹುದು. ಮ್ಯಾಗಜಿನ್ ಕೈಯಲ್ಲಿದೆ, ಪಿಸ್ತೂಲು ಖಾಲಿ ಎಂದು ನಂಬಿ ಟ್ರಿಗರ್ ಒತ್ತಿದವರಿಂದಲೇ ಮನೆಯೊಳಗಿನ ಅನಾಹುತಗಳು ಸಂಭವಿಸುತ್ತವೆ. ರಿವಾಲ್ವರನ್ನು ತೆರೆದರೆ ಆರು ಕೋಣೆಗಳೂ ಒಟ್ಟಿಗೆ ಕಾಣುತ್ತವೆ. ಪಿಸ್ತೂಲಿಗೆ ನಿತ್ಯದ ಅಭ್ಯಾಸ ಬೇಕು. ತೋಟದ ಕೆಲಸ, ಕೊಯ್ಲು, ಮದುವೆ ಮುಂಜಿಗಳ ನಡುವೆ ವರ್ಷಕ್ಕೊಮ್ಮೆ ಹೊರತೆಗೆಯುವವರ ಕೈಗೆ ಅದು ಹೊಂದುವುದಿಲ್ಲ.

.22ರ ವಿಚಾರದಲ್ಲಿ ನನ್ನ ತೀರ್ಪು ಉದ್ದೇಶವನ್ನು ಅವಲಂಬಿಸಿದೆ. 1887ರಿಂದ ಇರುವ ಈ ಪುಟ್ಟ .22 ಲಾಂಗ್ ರೈಫಲ್ ತೋಟಾದ ಗುಂಡು 2.6 ಗ್ರಾಂ ಮಾತ್ರ. ಗುರಿಕಾರಿಕೆ ಕಲಿಯಲು ಇದಕ್ಕೆ ಸಮನಾದದ್ದಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದದ್ದು ಇದೇ ಬೋರಿನಿಂದ. ಕ್ರೀಡೆಯೇ ಗುರಿಯಾಗಿದ್ದರೆ ಬೇರೆ ಯೋಚನೆಯೇ ಬೇಡ. ಆತ್ಮರಕ್ಷಣೆಯ ಹೆಸರಿನಲ್ಲಿ ಬಂದ, ಕೇವಲ 250 ಗ್ರಾಂ ತೂಗುವ, ಪಶ್ಚಿಮ ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆಯ ‘ನಿಡರ್’ ರಿವಾಲ್ವರಿನ ಬಗ್ಗೆ ಮಾತ್ರ ನನಗೆ ಉತ್ಸಾಹವಿಲ್ಲ. ಅಷ್ಟು ಗಿಡ್ಡ ನಳಿಗೆಯಲ್ಲಿ .22ರ ಮುಖ್ಯ ಗುಣವಾದ ನಿಖರತೆಯೇ ಕೈಗೆ ಸಿಗುವುದಿಲ್ಲ. ಅಲ್ಲದೆ .22ರಲ್ಲಿ ಕಿಡಿಯ ಮದ್ದು ತೋಟಾದ ತಳದ ಅಂಚಿನೊಳಗೆ ಹರಡಿಕೊಂಡಿರುತ್ತದೆ. ಅಂಚಿನ ಒಂದು ಕಡೆ ಮದ್ದು ತೆಳುವಾಗಿದ್ದು ಸುತ್ತಿಗೆ ಅಲ್ಲೇ ಬಿದ್ದರೆ ಈಡು ಹಾರುವುದಿಲ್ಲ. ಕಿಡಿಯ ಮದ್ದಿನ ಕೇಪು ತಳದ ನಡುವೆ ಇರುವ .32ರಲ್ಲಿ ಈ ತೊಂದರೆ ಕಡಿಮೆ.

ನಮ್ಮ ಕಡೆಯವರು ಬೋರಿಗಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ ಸಂಗತಿ ತೇವ. ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಸೀಮೆಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ರೇಷ್ಮೆ ಸೀರೆಗೇ ಬೂಷ್ಟು ಹಿಡಿಯುವಾಗ ಉಕ್ಕಿನ ನಳಿಗೆ ಏನಾದೀತು ಎಂದು ಹೇಳಬೇಕಾಗಿಲ್ಲ. ರಿವಾಲ್ವರನ್ನು ಚರ್ಮದ ಚೀಲದಲ್ಲಿ ಹಾಕಿ ಬೀರುವಿನಲ್ಲಿಡುವುದು ಎಲ್ಲರೂ ಮಾಡುವ ಕೆಲಸ, ಅದೇ ಅತ್ಯಂತ ಕೆಟ್ಟ ವಿಧಾನ. ಚರ್ಮ ತೇವವನ್ನು ಹೀರಿ ಹಿಡಿದಿಡುತ್ತದೆ, ಹದ ಮಾಡುವಾಗ ಬಳಸಿದ ಲವಣಗಳು ಹಿತ್ತಾಳೆಯ ತೋಟಾಗಳ ಮೇಲೆ ಹಸಿರು ಕಿಲುಬು ಬರಿಸುತ್ತವೆ. ಚರ್ಮದ ಚೀಲ ಒಯ್ಯುವುದಕ್ಕೆ ಮಾತ್ರ ಇರಲಿ. ಮನೆಯಲ್ಲಿ ಆಯುಧಕ್ಕೆ ತೆಳುವಾಗಿ ಎಣ್ಣೆ ಸವರಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಬೀಗವಿರುವ ಕಬ್ಬಿಣದ ಪೆಟ್ಟಿಗೆಯಲ್ಲಿಡಬೇಕು. ತೋಟಾಗಳನ್ನು ಬೇರೆ ಡಬ್ಬದಲ್ಲಿ ಗಾಳಿಯಾಡದಂತೆ ಮುಚ್ಚಿ, ಬೇರೆ ಬೀಗದಲ್ಲಿ ಇಡಬೇಕು. ಎಣ್ಣೆ ಹಚ್ಚಿದ ಕೈಯಿಂದ ತೋಟಾ ಮುಟ್ಟಬಾರದು, ಎಣ್ಣೆ ಕೇಪಿನೊಳಗೆ ಇಳಿದರೆ ತೇವದಷ್ಟೇ ಹಾಳು. ಚುನಾವಣೆ ಘೋಷಣೆಯಾಗಿ ಆಯುಧವನ್ನು ಠಾಣೆಯಲ್ಲೋ ಅಂಗಡಿಯಲ್ಲೋ ಠೇವಣಿ ಇಡುವ ಹೊತ್ತು ಬಂದಾಗಲೂ ಒರೆಸಿ, ಎಣ್ಣೆ ಸವರಿ, ರಸೀದಿಯಲ್ಲಿ ಆಯುಧದ ಸಂಖ್ಯೆ ಸರಿಯಾಗಿದೆಯೇ ಎಂದು ನೋಡಿಕೊಂಡೇ ಬರಬೇಕು.

ತೇವ ಹಿಡಿದ ತೋಟಾ ಹಾರದೆ ಹೋಗುವುದು ಒಂದು ತೊಂದರೆ. ಅರೆಬರೆ ಹಾರುವುದು ಅದಕ್ಕಿಂತ ದೊಡ್ಡ ತೊಂದರೆ. ಟ್ರಿಗರ್ ಎಳೆದಾಗ ‘ಟಿಕ್’ ಎಂದು ಸುಮ್ಮನಾದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು, ಏಕೆಂದರೆ ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ಸದ್ದು ಎಂದಿಗಿಂತ ಮೆತ್ತಗೆ ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಗುಂಡು ನಳಿಗೆಯ ನಡುವೆಯೇ ಸಿಕ್ಕಿಕೊಂಡಿದ್ದು, ಅದರ ಹಿಂದೆ ಇನ್ನೊಂದು ಈಡು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಸಿಡಿಯುತ್ತದೆ. .32 ರಿವಾಲ್ವರಿನ ತೋಟಾದಲ್ಲಿ ಮದ್ದಿನ ಪ್ರಮಾಣವೇ ಕಡಿಮೆಯಿರುವುದರಿಂದ ಈ ಎಚ್ಚರ ಅದಕ್ಕೆ ಇನ್ನೂ ಹೆಚ್ಚು ಬೇಕು. ನಾನು ಮೆಚ್ಚಿದ ಬೋರಿನ ಮುಖ್ಯ ಕೊರತೆ ಎಂದರೆ ಇದೇ. ಬರಿಯ ಸೀಸದ ಗುಂಡಾದ್ದರಿಂದ ಗುಂಡನ್ನು ತಿರುಗಿಸಲು ನಳಿಗೆಯೊಳಗೆ ಕೊರೆದ ಸುರುಳಿ ಗೀರುಗಳಲ್ಲಿ ಸೀಸ ಕೂರುತ್ತದೆ, ಪ್ರತಿ ಅಭ್ಯಾಸದ ಬಳಿಕ ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು ಎಂಬುದು ಎರಡನೆಯ ಕೊರತೆ.

ಬೆಲೆ ಯಾರಿಗೂ ಹಿತವಾಗುವಂಥದ್ದಲ್ಲ. ನಿರ್ಭೀಕ್ ಮಾರುಕಟ್ಟೆಗೆ ಬಂದಾಗಲೇ ಸುಮಾರು 1.22 ಲಕ್ಷ ರೂಪಾಯಿಯಾಗಿತ್ತು, ಪ್ರಬಲ್ ಸುಮಾರು 1.4 ಲಕ್ಷದಿಂದ ಆರಂಭವಾಯಿತು. 2025ರ ಸೆಪ್ಟೆಂಬರ್ 22ರಿಂದ ರಿವಾಲ್ವರ್, ಪಿಸ್ತೂಲುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿದೆ. 1980ರ ದಶಕದಲ್ಲಿ ಖಾಸಗಿಯವರ ಆಮದಿಗೆ ತಡೆ ಬಿದ್ದದ್ದರಿಂದ ಹಳೆಯ ವಿದೇಶಿ ಆಯುಧಗಳ ಬೆಲೆ ಇದಕ್ಕೂ ಮೇಲೆ ಹೋಗುತ್ತದೆ, ಅದರ ಸವೆದ ಬಿಡಿಭಾಗಕ್ಕೆ ಎಲ್ಲಿ ಹುಡುಕುವುದು ಎಂಬ ಪ್ರಶ್ನೆ ಉಚಿತವಾಗಿ ಜೊತೆಗೆ ಬರುತ್ತದೆ. ಇಷ್ಟು ಹಣ ಸುರಿಯುವ ಮೊದಲು 4.5 ಮಿ.ಮೀ.ನ, 20 ಜೌಲ್‌ಗಿಂತ ಕಡಿಮೆ ಶಕ್ತಿಯ ಏರ್ ಪಿಸ್ತೂಲಿನಲ್ಲಿ 10 ಮೀಟರ್ ದೂರಕ್ಕೆ ಕೆಲವು ತಿಂಗಳು ಅಭ್ಯಾಸ ಮಾಡಬಹುದು. 2016ರ ನಿಯಮಗಳ ಪ್ರಕಾರ ಅದಕ್ಕೆ ಲೈಸೆನ್ಸು ಬೇಕಿಲ್ಲ. ಕೈ ಸ್ಥಿರವಾಗಿದೆಯೇ, ಆಸಕ್ತಿ ನಿಲ್ಲುತ್ತದೆಯೇ ಎಂಬುದೂ ಅಷ್ಟರಲ್ಲಿ ತಿಳಿಯುತ್ತದೆ.

ಖರೀದಿಯ ದಿನ ರಿವಾಲ್ವರನ್ನು ತೆರೆದು ಖಾಲಿಯೆಂದು ಖಚಿತಪಡಿಸಿಕೊಂಡ ಮೇಲೆ, ಕುದುರೆಯನ್ನು ನಿಧಾನವಾಗಿ ಎಳೆದು ಸಿಲಿಂಡರು ಪ್ರತಿ ಕೋಣೆಯಲ್ಲೂ ಅಲುಗಾಡದೆ ನಿಲ್ಲುತ್ತದೆಯೇ ನೋಡಬೇಕು. ನಳಿಗೆಯ ಹಿಂಬದಿಯಲ್ಲಿ ಬಿಳಿ ಕಾಗದ ಹಿಡಿದು ಒಳಗಿನ ಗೀರುಗಳು ಚೊಕ್ಕವಾಗಿವೆಯೇ ಪರೀಕ್ಷಿಸಬೇಕು. ತೋಟಾದ ಪೆಟ್ಟಿಗೆಯ ಮೇಲಿನ ತಯಾರಿಕೆಯ ವರ್ಷ ಓದಬೇಕು. ತಳದಲ್ಲಿ ‘ಕೆಎಫ್’ ಗುರುತಿರುವವು 1869ರಲ್ಲಿ ಸ್ಥಾಪನೆಯಾದ ಪುಣೆಯ ಖಡ್ಕಿ ಕಾರ್ಖಾನೆಯವು. ಒಮ್ಮೆಗೆ ಎಷ್ಟು, ವರ್ಷಕ್ಕೆ ಎಷ್ಟು ತೋಟಾ ಎಂಬುದು ಲೈಸೆನ್ಸಿನಲ್ಲೇ ಬರೆದಿರುವುದರಿಂದ, ಕಿಲುಬು ಹಿಡಿದ ಹಳೆಯ ದಾಸ್ತಾನನ್ನು ಆ ಲೆಕ್ಕದೊಳಗೆ ಹೊತ್ತು ತರುವುದಕ್ಕಿಂತ ಹೊಸ ದಾಸ್ತಾನು ಬರುವವರೆಗೆ ಕಾಯುವುದು ಮೇಲು, ಅದರಲ್ಲೂ ಖರೀದಿ ಮೇ ತಿಂಗಳ ಕೊನೆಯಲ್ಲಿದ್ದರೆ.