ಮಿಸ್ಡ್ ಕಾಲ್‌ಗೆ ಓಡುವ ಮೋಟಾರ್: ಆರು ಬೇಸಿಗೆ ಬಳಸಿದ ಮೇಲೆ

ಅಡಿಕೆ ತೋಟದ ಮೋಟಾರನ್ನು ಮೊಬೈಲ್‌ನಿಂದ ಆನ್ ಆಫ್ ಮಾಡುವ ಡಬ್ಬಿಯನ್ನು ನಾನು ಹಾಕಿಸಿದ್ದು 2020ರ ಜನವರಿಯಲ್ಲಿ. ಹೊಸನಗರ ತಾಲ್ಲೂಕಿನ ನಮ್ಮ ಊರಲ್ಲಿ ಅದೇ ಮೊದಲು. ಈಗ ಆರು ಬೇಸಿಗೆ ಕಳೆದಿದೆ. ಕಂಪನಿಯವರ ವಿಡಿಯೊ, ತಂದ ವಾರಕ್ಕೇ ಐದು ಸ್ಟಾರ್ ಕೊಟ್ಟು ಸುಮ್ಮನಾಗುವವರ ಮಾತು, ಎರಡೂ ಬೇಕಾದಷ್ಟು ಸಿಗುತ್ತವೆ. ಸಿಡಿಲು, ತೇವ, ಇರುವೆ, ಹಲ್ಲಿ ಎಲ್ಲ ಕಂಡ ಮೇಲೆ ಅದು ಹೇಗಿದೆ ಅಂತ ಬರೆದದ್ದು ನನಗೆ ಎಲ್ಲೂ ಸಿಗಲಿಲ್ಲ. ಹಾಗಾಗಿ ಇದು.

ಹೊಸದು ಏನೇ ಬಂದರೂ ಮೊದಲು ತಂದು ನೋಡುವುದು ನನಗೆ ಮೊದಲಿಂದಲೂ ಇಷ್ಟ. 2017ರ ಆಗಸ್ಟ್‌ನಲ್ಲಿ ಗೂಗಲ್ ಕನ್ನಡದಲ್ಲಿ ಮಾತಾಡಿ ಟೈಪ್ ಮಾಡುವ ಸೌಲಭ್ಯ ತಂದಿತಲ್ಲ, ಆಗ ಅಪ್ಪ ನೋಟ್‌ಬುಕ್‌ಗಳಲ್ಲಿ ಬರೆದಿಟ್ಟಿದ್ದ ಮಳೆ ಲೆಕ್ಕವನ್ನೆಲ್ಲ ರಾತ್ರಿ ಕೂತು ಫೋನಿಗೆ ಓದಿ ಹೇಳಿ ಗೂಗಲ್ ಶೀಟ್‌ಗೆ ಹಾಕಿದೆ. ಅಂಕಿಗಳಲ್ಲಿ ತಪ್ಪು ಬರುತ್ತಿತ್ತು, ಒಂದೊಂದನ್ನೂ ತಿದ್ದಬೇಕಿತ್ತು. ಆದರೂ ಅದೇ ಶೀಟ್ ಇವತ್ತಿಗೂ ಇದೆ, ನೀರು ಬಿಟ್ಟ ಲೆಕ್ಕವನ್ನೂ ಅದರಲ್ಲೇ ಬರೆಯುತ್ತೇನೆ.

ಈ ಡಬ್ಬಿಗಿಂತ ಮೊದಲು, 2018ರಲ್ಲಿ, ಇನ್ನೊಂದು ತಂದಿದ್ದೆ. ಅದು ವೈಫೈ ಮೇಲೆ ಕೆಲಸ ಮಾಡುವಂಥದ್ದು. ಅದರ ಕಥೆ ಹೇಳದೆ ಇದನ್ನು ಹೇಳಲು ಆಗುವುದಿಲ್ಲ. ನೋಡಲು ಚೆಂದ, ಆ್ಯಪ್ ಇನ್ನೂ ಚೆಂದ. ಆದರೆ ನಾನು ಫೋನ್‌ನಲ್ಲಿ ಒತ್ತಿದ್ದು ಮೊದಲು ಎಲ್ಲೋ ದೂರದಲ್ಲಿರುವ ಕಂಪನಿಯ ಸರ್ವರ್‌ಗೆ ಹೋಗಬೇಕು, ಅಲ್ಲಿಂದ ನಮ್ಮ ಮನೆ ರೂಟರ್‌ಗೆ ಬರಬೇಕು, ಆಮೇಲೆ ಪಂಪ್‌ಹೌಸ್‌ಗೆ. ಮಧ್ಯೆ ಎಲ್ಲಿ ಕಡಿದರೂ ಮುಗೀತು. ಗಾಳಿಗೆ ಮರ ಬಿದ್ದು ಇಂಟರ್ನೆಟ್ ತಂತಿ ಹೋದ ದಿನ ಡಬ್ಬಿಯ ಮುಂದೆಯೇ ನಿಂತು ಒತ್ತಿದರೂ ಆಗುತ್ತಿರಲಿಲ್ಲ. 2019ರ ಕೊನೆಗೆ ಆ ಕಂಪನಿಯೇ ಸರ್ವರ್ ನಿಲ್ಲಿಸಿತು. ಡಬ್ಬಿ ಕೆಟ್ಟಿರಲಿಲ್ಲ, ಹಸಿರು ದೀಪ ಮಿಣಮಿಣ ಅನ್ನುತ್ತಲೇ ಇತ್ತು. ಹೇಳಿದ್ದು ಮಾತ್ರ ಕೇಳುತ್ತಿರಲಿಲ್ಲ.

ಇದು ಸಣ್ಣ ಕಂಪನಿಗಳಲ್ಲಿ ಮಾತ್ರ ಆಗುವುದಲ್ಲ. ಅಮೆರಿಕದಲ್ಲಿ ರಿವಾಲ್ವ್ ಅಂತ 300 ಡಾಲರ್‌ನ ಒಂದು ಡಬ್ಬಿ ಇತ್ತು, ಮನೆಯ ದೀಪ, ಬೀಗ ಎಲ್ಲ ಅದರಿಂದಲೇ ನಡೆಯುತ್ತಿತ್ತು. 2014ರಲ್ಲಿ ಅದನ್ನು ಗೂಗಲ್‌ನ ನೆಸ್ಟ್ ಕಂಪನಿ ಕೊಂಡುಕೊಂಡಿತು. 2016ರ ಮೇ ತಿಂಗಳಲ್ಲಿ ಸೇವೆ ನಿಂತಿತು, ಜನರ ಮನೆಯಲ್ಲಿದ್ದ ಡಬ್ಬಿಗಳೂ ಅವತ್ತಿಗೇ ನಿಂತವು. ಇದು ನನಗೆ ಮೊದಲೇ ಗೊತ್ತಿದ್ದರೆ ಅಂಗಡಿಯಲ್ಲಿ ಬೇರೆ ಪ್ರಶ್ನೆ ಕೇಳುತ್ತಿದ್ದೆ. ಈಗ ಯಾವ ಹೊಸ ವಸ್ತು ತರುವಾಗಲೂ ಮೊದಲು ಕೇಳುವುದು ಅದನ್ನೇ: ನೆಟ್ ಇಲ್ಲದ ದಿನ ಇದು ಏನು ಮಾಡುತ್ತದೆ? ನೀವು ಅಂಗಡಿ ಮುಚ್ಚಿದ ಮೇಲೂ ನಡೆಯುತ್ತದಾ?

ಈಗ ಮುಖ್ಯ ವಿಷಯ. 2020ರಲ್ಲಿ ತಂದದ್ದು ಸಿಮ್ ಹಾಕುವ ಸ್ಟಾರ್ಟರ್ ಮಾಡೆಮ್. ಶಿವಮೊಗ್ಗದಲ್ಲಿ ₹5,200 ಕೊಟ್ಟೆ. ನಮ್ಮದು 5 ಎಚ್‌ಪಿ ತ್ರೀ ಫೇಸ್ ಸಬ್‌ಮರ್ಸಿಬಲ್, ಹಳೇ ಸ್ಟಾರ್ಟರ್‌ಗೇ ಇದನ್ನು ಜೋಡಿಸಿದ್ದು. ನಮ್ಮ ನಂಬರ್‌ನಿಂದ ಒಂದು ಮಿಸ್ಡ್ ಕಾಲ್ ಕೊಟ್ಟರೆ ಮೋಟಾರ್ ಶುರು, ಇನ್ನೊಂದು ಕೊಟ್ಟರೆ ಬಂದ್. ಆದ ಮೇಲೆ ಎಸ್ಸೆಮ್ಮೆಸ್ ಬರುತ್ತದೆ: ಮೂರು ಫೇಸ್‌ನಲ್ಲೂ ಎಷ್ಟು ವೋಲ್ಟ್, ಎಷ್ಟು ಆಂಪ್ಸ್, ಸಿಗ್ನಲ್ ಎಷ್ಟು. ಸೇರಿಸಿದ ನಂಬರ್ ಬಿಟ್ಟು ಬೇರೆ ಯಾರ ಕರೆಗೂ ಅದು ಕದಲುವುದಿಲ್ಲ. ಆ್ಯಪ್ ಇಲ್ಲ, ಖಾತೆ ಇಲ್ಲ, ಪಾಸ್‌ವರ್ಡ್ ಇಲ್ಲ.

ನಮ್ಮ ಕಡೆ ತೋಟಕ್ಕೆ ತ್ರೀ ಫೇಸ್ ಕರೆಂಟ್ ದಿನದಲ್ಲಿ ಕೆಲವು ಗಂಟೆ, ಅದೂ ಎಷ್ಟೋ ಸಲ ರಾತ್ರಿ ಪಾಳಿ. ಮೊದಲು ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು, ಟಾರ್ಚ್ ಹಿಡಿದು, ತೋಟದ ಒಳಗಿನ ಸಾರ (ಮರದ ಕಾಲುಸಂಕ) ದಾಟಿ ಹೋಗಬೇಕಿತ್ತು. ಬೇಸಿಗೆಯಲ್ಲಿ ಕಾಟಿಗಳು ನೀರಿಗೆ ಹಳ್ಳಕ್ಕೆ ಇಳಿಯುತ್ತವೆ. ಹಾವಿನ ಭಯ ಬೇರೆ. ಅಪ್ಪ ಹೀಗೇ ಮೂವತ್ತು ವರ್ಷ ಹೋಗಿ ಬಂದಿದ್ದರು. ಮೊದಲ ರಾತ್ರಿ ನಾನು ಹಾಸಿಗೆಯಲ್ಲೇ ಕೂತು ಕರೆ ಮಾಡಿದೆ, ಕತ್ತಲಲ್ಲಿ ದೂರದಿಂದ ಸ್ಪ್ರಿಂಕ್ಲರ್ ಚಿರ್ ಚಿರ್ ಅಂತ ತಿರುಗುವ ಸದ್ದು ಕೇಳಿತು. ಆ ಸದ್ದಿಗೇ ₹5,200 ಕೊಟ್ಟದ್ದು ಸಾರ್ಥಕ ಅನಿಸಿತು. ಆರು ವರ್ಷ ಆದ ಮೇಲೂ ಹಾಗೇ ಅನಿಸುತ್ತದೆ.

ಅಮ್ಮನ ಹತ್ತಿರ ಇರುವುದು ಕೀಪ್ಯಾಡ್ ಫೋನ್. ವೈಫೈ ಡಬ್ಬಿ ಇದ್ದಾಗ ನಾನು ಊರಲ್ಲಿಲ್ಲದ ದಿನ ತೋಟಕ್ಕೆ ನೀರಿಲ್ಲ. ಈಗ ಅವರ ಫೋನ್‌ನಲ್ಲಿ ಎರಡನ್ನು ಒತ್ತಿ ಹಿಡಿದರೆ ಮೋಟಾರಿಗೆ ಕರೆ ಹೋಗುತ್ತದೆ. ಎಸ್ಸೆಮ್ಮೆಸ್ ಓದಲು ಕನ್ನಡಕ ಬೇಕು, ಆದರೆ ಅವರು ಅದನ್ನು ಓದುವುದೇ ಇಲ್ಲ, ಜಗಲಿಯಲ್ಲಿ ನಿಂತು ಸದ್ದು ಕೇಳುತ್ತಾರೆ. ಮನೆಯಲ್ಲಿ ಒಬ್ಬರಿಗೆ ಮಾತ್ರ ನಡೆಸಲು ಬರುವ ವಸ್ತು ಮನೆಯ ವಸ್ತು ಆಗುವುದಿಲ್ಲ ಅಲ್ವಾ.

ಇನ್ನು ತೊಂದರೆಗಳು. ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ನೋಡಿಕೊಂಡು ಹೋಗಿ ಊರಿನಲ್ಲಿ ಏಳು ಮನೆಯವರು ಇಂಥದ್ದನ್ನೇ ಹಾಕಿಸಿದ್ದಾರೆ. ಪಕ್ಕದ ಮನೆ ಗೌಡರು ಮೊದಲ ದಿನ ಬಂದು ನೋಡಿ, "ಎಂಥ ಮಾರಾಯ್ರೇ, ಮೋಟಾರಿಗೂ ಒಂದು ಸಿಮ್ಮಾ!" ಅಂದಿದ್ದರು. ಮರುವರ್ಷ ಅವರೂ ತಂದರು. ಮೊದಲು ಕೊಂಡವರು ಒಳ್ಳೆಯದನ್ನಷ್ಟೇ ಹೇಳಿದರೆ ಆಮೇಲೆ ಕೊಂಡವರ ದುಡ್ಡು ಹೋಗುತ್ತದೆ. ನನಗೆ ಅದು ಬೇಡ.

ಮೊದಲನೆಯದು ಸಿಡಿಲು. 2021ರ ಭರಣಿ ಮಳೆಯಲ್ಲಿ ಒಂದು ಸಂಜೆ ಬೋರ್ಡ್ ಸುಟ್ಟಿತು. ಸಿಡಿಲಿಗೆ ವಾರಂಟಿ ಇಲ್ಲ ಅಂದರು. ರಿಪೇರಿಗೆ ₹1,900, ಜೊತೆಗೆ ಮೂರು ವಾರ ಕಾಯಬೇಕಾಯಿತು. ಆ ಮೂರು ವಾರ ನೀರು ನಿಲ್ಲಲಿಲ್ಲ, ಏಕೆಂದರೆ ಎಲೆಕ್ಟ್ರಿಷಿಯನ್ ಮಾಡೆಮ್ಮನ್ನು ಸ್ಟಾರ್ಟರ್‌ನ ಹಸಿರು ಬಟನ್‌ಗೆ ಪ್ಯಾರಲಲ್ ಆಗಿ ಕೊಟ್ಟಿದ್ದರು, ಪಕ್ಕದಲ್ಲಿ ಬೈಪಾಸ್ ಸ್ವಿಚ್ ಒಂದನ್ನೂ ಇಟ್ಟಿದ್ದರು. ಮಾಡೆಮ್ ಸತ್ತರೂ ಕೈಯಿಂದ ಒತ್ತಿ ಓಡಿಸಬಹುದು. ನೀವು ಹಾಕಿಸುವಾಗ ಇದೊಂದನ್ನು ಪಕ್ಕದಲ್ಲೇ ನಿಂತು ಮಾಡಿಸಿಕೊಳ್ಳಿ.

ಸುಟ್ಟದ್ದಕ್ಕೆ ಅರ್ಧ ಕಾರಣ ನಮ್ಮ ಅರ್ಥಿಂಗ್. ನಮ್ಮದು ಜಂಬಿಟ್ಟಿಗೆ ಮಣ್ಣು, ಬೇಸಿಗೆಯಲ್ಲಿ ಒಣಗಿ ಕಲ್ಲಿನಂತೆ ಆಗುತ್ತದೆ. ಅಂಥ ಒಣ ಮಣ್ಣಿನಲ್ಲಿ ಅರ್ಥ್ ಸರಿಯಾಗಿ ಇಳಿಯುವುದಿಲ್ಲ. ಹೊಸದಾಗಿ ಗುಂಡಿ ತೆಗೆಸಿ, ಇದ್ದಿಲು, ಉಪ್ಪು ಹಾಕಿಸಿ, ಫೆಬ್ರವರಿಯಿಂದ ವಾರಕ್ಕೊಮ್ಮೆ ಎರಡು ಕೊಡ ನೀರು ಸುರಿಯುತ್ತೇವೆ. ಸರ್ಜ್ ಅರೆಸ್ಟರ್ ಕೂಡ ಹಾಕಿದೆ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಮಾಡಿದ ದಾಮಿನಿ ಆ್ಯಪ್ ನಮ್ಮ ಸುತ್ತ 20 ಮತ್ತು 40 ಕಿಲೋಮೀಟರ್ ದೂರದೊಳಗೆ ಸಿಡಿಲಿದ್ದರೆ ತೋರಿಸುತ್ತದೆ. 20ರ ಒಳಗೆ ಬಂದರೆ ಮೋಟಾರ್ ನಿಲ್ಲಿಸಿ, ಮನೆ ಹತ್ತಿರ ಇಟ್ಟಿರುವ ಮೇನ್ ಇಳಿಸಿಬಿಡುತ್ತೇವೆ. ಮಳೆ ಶುರುವಾದ ಮೇಲೆ ಪಂಪ್‌ಹೌಸ್‌ಗೆ ಓಡುವುದಿಲ್ಲ, ಅದು ಜೀವಕ್ಕೇ ಅಪಾಯ. 2021ರ ನಂತರ ಒಮ್ಮೆಯೂ ಸುಟ್ಟಿಲ್ಲ.

ಹಲ್ಲಿ. ಬೆಚ್ಚಗಿರುತ್ತದೆ ಅಂತ ಡಬ್ಬಿಯೊಳಗೆ ಬರುತ್ತದೆ, ಕಾಂಟ್ಯಾಕ್ಟರ್ ನಡುವೆ ಸಿಕ್ಕಿ ತಾನೂ ಸಾಯುತ್ತದೆ, ಫೇಸ್ ಕೂಡ ಸರಿಯಾಗಿ ಕೂಡುವುದಿಲ್ಲ. ಕೇಬಲ್ ಬರುವ ತೂತುಗಳನ್ನು ಮುಚ್ಚಿ ಒಳಗೆ ನಾಲ್ಕು ನುಸಿಗುಳಿಗೆ ಇಟ್ಟರೆ ಸಾಕು.

ಮಳೆಗಾಲದಲ್ಲಿ ಮಾಡೆಮ್ಮನ್ನು ಅಲ್ಲೇ ಬಿಡಬೇಡಿ. ಮೊದಲ ವರ್ಷ ಬಿಟ್ಟೆ, ಪುನರ್ವಸು ಮಳೆ ಮುಗಿಯುವುದರೊಳಗೆ ಬೋರ್ಡ್ ಮೇಲೆ ಬೂಷ್ಟು. ಈಗ ಜೂನ್ ಮೊದಲ ವಾರ ಮೇನ್ ತೆಗೆದು ಅದನ್ನು ಬಿಚ್ಚಿ ತಂದು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕುತ್ತೇನೆ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಸಿಮ್ಮನ್ನು ಮಾತ್ರ ಹಳೇ ಫೋನಿಗೆ ಹಾಕಿ ಆಗಾಗ ಒಂದು ಕರೆ ಮಾಡುತ್ತಿರಬೇಕು. 90 ದಿನ ಬಳಸದೆ ಬಿಟ್ಟರೆ ನಂಬರೇ ಹೋಗಬಹುದು. ಊರಿನಲ್ಲಿ ಇಬ್ಬರಿಗೆ ಹಾಗೇ ಆಯಿತು, ಬೇಸಿಗೆಗೆ ಹೊಸ ನಂಬರ್ ತೆಗೆದುಕೊಂಡು ಎಲ್ಲ ಮೊದಲಿಂದ ಸೇರಿಸಬೇಕಾಯಿತು.

ರೀಚಾರ್ಜ್ ನನಗೆ ಸಿಟ್ಟು ಬರಿಸುವ ಖರ್ಚು. ಮೋಟಾರ್ ವಿಡಿಯೊ ನೋಡುತ್ತದಾ? ಅದಕ್ಕೆ ಬೇಕಿರುವುದು ಕರೆ ಬರುವುದು, ನಾಲ್ಕು ಎಸ್ಸೆಮ್ಮೆಸ್ ಹೋಗುವುದು, ಅಷ್ಟೇ. ಆದರೂ ವರ್ಷಗಟ್ಟಲೆ ಡೇಟಾ ಸೇರಿದ ಪ್ಯಾಕ್‌ಗೇ ದುಡ್ಡು ಹಾಕಿದೆ. 2024ರ ಡಿಸೆಂಬರ್‌ನಲ್ಲಿ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್, ಬರೀ ಕರೆ ಮತ್ತು ಎಸ್ಸೆಮ್ಮೆಸ್‌ನ ಪ್ಯಾಕ್ ಕೂಡ ಇರಲೇಬೇಕು ಅಂತ ನಿಯಮ ತಂದಿತು. ಮೋಟಾರಿನ ಸಿಮ್‌ಗೆ ಅಂಥ ಪ್ಯಾಕನ್ನೇ ಕೇಳಿ ಹಾಕಿಸಿ, ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ.

ಒಂದು ವಿಷಯದಲ್ಲಿ ಮಾತ್ರ ತುಂಬಾ ಹುಷಾರಾಗಿರಬೇಕು. ಇದರಲ್ಲಿ ಆಟೋ ಮೋಡ್ ಅಂತ ಇದೆ, ಕರೆಂಟ್ ಬಂದ ತಕ್ಷಣ ಮೋಟಾರ್ ತಾನಾಗಿ ಓಡುತ್ತದೆ. 2022ರಲ್ಲಿ ಒಂದು ದಿನ ಪೈಪ್ ಜಾಯಿಂಟ್ ಬಿಚ್ಚಿ ಸರಿ ಮಾಡುತ್ತಿದ್ದಾಗ ಕರೆಂಟ್ ಬಂತು. ನೀರು ರಭಸಕ್ಕೆ ಪೈಪ್ ಎತ್ತಿ ಎಸೆಯಿತು, ಕೆಲಸಕ್ಕೆ ಬಂದಿದ್ದ ಅಣ್ಣನ ಮೊಣಕಾಲಿಗೆ ಬಡಿಯಿತು. ಎಂಟು ದಿನ ಅವರು ಕುಂಟಿದರು. ಆ ಜಾಗದಲ್ಲಿ ಕೇಬಲ್ ಮುಟ್ಟುತ್ತಿದ್ದರೆ ಏನಾಗುತ್ತಿತ್ತೋ, ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ. ಆ ದಿನವೇ ಆಟೋ ತೆಗೆದೆ, ಮತ್ತೆ ಹಾಕಿಲ್ಲ. ಲೈನಿನಲ್ಲಿ ಕೆಲಸ ಇದ್ದರೆ ಮೇನ್ ಇಳಿಸಿ ಫ್ಯೂಸ್ ತೆಗೆದು ಜೇಬಿಗೆ ಹಾಕಿಕೊಂಡೇ ಮುಂದಿನ ಕೆಲಸ. ಆಟೋ ಇಟ್ಟುಕೊಳ್ಳುವವರು ಕನಿಷ್ಠ ಪಕ್ಷ ಶುರುವಾಗುವ ಸಮಯವನ್ನು ಒಬ್ಬೊಬ್ಬರು ಒಂದೊಂದು ನಿಮಿಷ ಹಿಂದೆ ಮುಂದೆ ಮಾಡಿಕೊಳ್ಳಿ. ಒಂದೇ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಹತ್ತು ಮೋಟಾರ್ ಒಟ್ಟಿಗೆ ಎದ್ದರೆ ವೋಲ್ಟೇಜ್ ಪೂರ್ತಿ ಬೀಳುತ್ತದೆ.

ಡ್ರೈ ರನ್ ರಕ್ಷಣೆ ಅಂತ ಒಂದಿದೆ, ಕೊಂಡಾಗ ನಾನು ಅದಕ್ಕೆ ಬೆಲೆ ಕೊಟ್ಟಿರಲಿಲ್ಲ. 2023ರಲ್ಲಿ ಮಳೆ ಕೈಕೊಟ್ಟಿತು, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರ ಅಂತ ಸರ್ಕಾರ ಘೋಷಿಸಿತು. ಅದರ ಮರುಬೇಸಿಗೆ, 2024ರ ಏಪ್ರಿಲ್‌ನಲ್ಲಿ, ನಮ್ಮ ಬೋರ್ ಒಂದೂವರೆ ಗಂಟೆಗೇ ಬತ್ತುತ್ತಿತ್ತು. ನೀರೆತ್ತುವಾಗ ನಮ್ಮ ಮೋಟಾರ್ ಏಳೂವರೆ ಆಂಪ್ಸ್ ಎಳೆಯುತ್ತದೆ, ನೀರಿಲ್ಲದೆ ತಿರುಗಿದರೆ ಆಂಪ್ಸ್ ಇಳಿಯುತ್ತದೆ. ಮಾಡೆಮ್ ಅದನ್ನು ನೋಡಿ ತಾನೇ ನಿಲ್ಲಿಸಿ ಎಸ್ಸೆಮ್ಮೆಸ್ ಕಳಿಸುತ್ತಿತ್ತು. ಆ ಬೇಸಿಗೆಯಲ್ಲಿ ಊರಿನಲ್ಲಿ ಮೂರು ಮೋಟಾರ್ ಸುಟ್ಟವು, ನಮ್ಮದು ಉಳಿಯಿತು. ಒಂದು ಸಲ ರಿವೈಂಡಿಂಗ್ ಮಾಡಿಸಿ, ಪೈಪ್ ಎತ್ತಿ ಇಳಿಸುವ ಕೂಲಿ ಕೊಡುವುದರಲ್ಲಿ ಇಂಥ ಎರಡು ಡಬ್ಬಿ ಬರುತ್ತವೆ.

ಎಸ್ಸೆಮ್ಮೆಸ್‌ಗಳನ್ನು ಶೀಟ್‌ಗೆ ಹಾಕುತ್ತಾ ಬಂದದ್ದರಿಂದ ಇನ್ನೊಂದು ಲಾಭ ಆಯಿತು. ಅಡಿಕೆಗೆ ಜನವರಿ, ಫೆಬ್ರವರಿಯಲ್ಲಿ ಆರು ದಿನಕ್ಕೊಮ್ಮೆ, ಮಾರ್ಚ್‌ನಿಂದ ಮೇವರೆಗೆ ಮೂರರಿಂದ ಐದು ದಿನಕ್ಕೊಮ್ಮೆ ಮರಕ್ಕೆ 175 ಲೀಟರ್ ಕೊಡಿ ಅಂತ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐನವರು ಹೇಳುತ್ತಾರೆ. ನಾವು ಕರೆಂಟ್ ಇದ್ದಾಗೆಲ್ಲ ಬಿಡುತ್ತಿದ್ದೆವು. ಶೀಟ್ ತೆರೆದು ನೋಡಿದರೆ ಮನೆ ಹತ್ತಿರದ ತೋಟಕ್ಕೆ ಜನವರಿಯಲ್ಲೇ ಬೇಕಿದ್ದರ ಎರಡರಷ್ಟು ಹೋಗಿದೆ, ಕೊನೆಯ ಪ್ಲಾಟಿಗೆ ಕಡಿಮೆ. ಗೇಟ್ ವಾಲ್ವ್ ತಿರುಗಿಸುವ ದಿನ ಬದಲಿಸಿದೆವು. ಬೇರೆ ಏನೂ ಮಾಡಲಿಲ್ಲ. ಆ ಕೊನೆಯ ಪ್ಲಾಟಿನಲ್ಲಿ ಏಪ್ರಿಲ್‌ನಲ್ಲಿ ಹರಳು (ಎಳೆ ಅಡಿಕೆ) ಉದುರುವುದು ಕಡಿಮೆಯಾಗಿದೆ.

ಕೊನೆಗೆ ನೆಟ್‌ವರ್ಕ್ ವಿಷಯ, ಹೊಸದಾಗಿ ಕೊಳ್ಳುವವರಿಗೆ ಮುಖ್ಯವಾದದ್ದು. ನನ್ನ ಮಾಡೆಮ್ 2ಜಿ. ಬರೀ 4ಜಿ ಇರುವ ಸಿಮ್ ಇದರಲ್ಲಿ ನಡೆಯುವುದೇ ಇಲ್ಲ. ಸಿಗ್ನಲ್ ಅಂಕಿ 31ಕ್ಕೆ 9 ಇತ್ತು, ಕರೆ ಹತ್ತಿದರೆ ಹತ್ತಿತು. ₹650ರ ಆಂಟೆನಾ ತಂದು ಬಿದಿರು ಗಳಕ್ಕೆ ಕಟ್ಟಿ ಎತ್ತಿದ ಮೇಲೆ 17 ಆಯಿತು, ಆಮೇಲೆ ತೊಂದರೆ ಇರಲಿಲ್ಲ. ಆದರೆ ನಮ್ಮ ಗುಡ್ಡದ ಮೇಲೆ ಈಗ ಬಂದಿರುವ ಹೊಸ ಟವರ್ ಬರೀ 4ಜಿ. 2ಜಿ ದಿನೇ ದಿನೇ ಸೊರಗುತ್ತಿದೆ. ಹಾಗಾಗಿ ಈಗ 2ಜಿ ಮಾಡೆಮ್ ಅಗ್ಗಕ್ಕೆ ಸಿಕ್ಕಿದರೂ ತರಬೇಡಿ. 4ಜಿಯದ್ದೇ ತನ್ನಿ, ಆದರೆ ಆ್ಯಪ್ ಇಲ್ಲದೆ ಮಿಸ್ಡ್ ಕಾಲ್‌ಗೂ ಎಸ್ಸೆಮ್ಮೆಸ್‌ಗೂ ನಡೆಯುತ್ತದಾ ಅಂತ ಅಂಗಡಿಯಲ್ಲೇ ಸಿಮ್ ಹಾಕಿಸಿ ಪರೀಕ್ಷೆ ಮಾಡಿ. ನಾನು ಈ ವರ್ಷ ಅಂಥದ್ದನ್ನು ಒಂದು ತಂದು ಬೋರ್‌ಗೆ ಹಾಕಿದ್ದೇನೆ. ಹಳೆಯದು ಕೆರೆ ಮೋಟಾರಿಗೆ ಹೋಯಿತು, ಅಲ್ಲಿ 2ಜಿ ಇನ್ನೂ ಚೆನ್ನಾಗಿದೆ.

ಆ ವೈಫೈ ಡಬ್ಬಿ ಏನಾಯಿತು ಅಂತ ಕೇಳುವವರಿಗೆ: ಒಳಗೆ ಇದ್ದದ್ದು ಇಎಸ್‌ಪಿ8266 ಚಿಪ್. ಅದಕ್ಕೆ ಟಾಸ್ಮೋಟಾ ಅಂತ ಉಚಿತ, ಮುಕ್ತ ತಂತ್ರಾಂಶ ಹಾಕಿದೆ. ಈಗ ಕಂಪನಿಯ ಸರ್ವರ್ ಬೇಡ, ಇಂಟರ್ನೆಟ್ಟೂ ಬೇಡ, ಮನೆಯ ವೈಫೈ ಒಳಗೇ ನಡೆಯುತ್ತದೆ. ಅಂಗಳದ ದೀಪ ಸಂಜೆ ಆರೂವರೆಗೆ ಅದರಿಂದಲೇ ಹತ್ತುತ್ತದೆ.

4ಜಿ ಮಾಡೆಮ್ಮಿಗೆ ಇನ್ನೂ ಒಂದು ಸಿಡಿಲಿನ ಕಾಲವೂ ಪೂರ್ತಿ ಕಳೆದಿಲ್ಲ. ಅದರ ಬಗ್ಗೆ ಈಗಲೇ ಒಳ್ಳೆಯದು, ಕೆಟ್ಟದ್ದು ಅಂತ ಏನೂ ಹೇಳುವುದಿಲ್ಲ. ನೋಡಬೇಕು ಅನ್ನುವವರು ಬೇಸಿಗೆಯಲ್ಲಿ ನಮ್ಮ ಕಡೆ ಬಂದಾಗ ನೋಡಬಹುದು, ಅಮ್ಮನೇ ಓಡಿಸಿ ತೋರಿಸುತ್ತಾರೆ.