ನಗುತ್ತಾ ಬ್ಯಾಂಕ್ ದೋಚುವ ಅಜ್ಜ

'ದಿ ಓಲ್ಡ್ ಮ್ಯಾನ್ ಅಂಡ್ ದಿ ಗನ್' ಸಿನಿಮಾ 2018ರಲ್ಲಿ ಬಂದಾಗ ವಿಮರ್ಶಕರು ಮುಖ್ಯವಾಗಿ ಹೊಗಳಿದ್ದು ಹಾಲಿವುಡ್ ನಟ ರಾಬರ್ಟ್ ರೆಡ್‌ಫೋರ್ಡ್ ಅವರನ್ನು. ಎಂಬತ್ತು ದಾಟಿದ್ದರು, ನಟನೆಗೆ ವಿದಾಯ ಅಂತಲೂ ಹೇಳಿಕೊಂಡಿದ್ದರು. ಗೋಲ್ಡನ್ ಗ್ಲೋಬ್ ನಾಮನಿರ್ದೇಶನವೂ ಸಿಕ್ಕಿತು. ಆ ಹೊಗಳಿಕೆಯಲ್ಲಿ ಮುಲಾಜು ಎಷ್ಟು, ಮೆಚ್ಚುಗೆ ಎಷ್ಟು ಅನ್ನೋ ಅನುಮಾನ ನನಗಿತ್ತು. ಜಯನಗರದ ಮನೆಯಲ್ಲಿ ಅಪ್ಪನ ಜೊತೆ ನೋಡಿದ ಮೇಲೆ ಹೇಳುತ್ತೇನೆ: ಮೆಚ್ಚುಗೆಯೇ ಜಾಸ್ತಿ.

ಕಥೆ ನಿಜವಾಗಿ ಬದುಕಿದ್ದ ಬ್ಯಾಂಕ್ ಕಳ್ಳ ಫಾರೆಸ್ಟ್ ಟಕರ್‌ನದು; ಆ ಪಾತ್ರ ರೆಡ್‌ಫೋರ್ಡ್‌ರದು. ಸೂಟು ಹಾಕಿಕೊಂಡು ಬ್ಯಾಂಕಿಗೆ ಹೋಗುತ್ತಾನೆ, ನಗುತ್ತಾ ಮಾತಾಡುತ್ತಾನೆ, ದುಡ್ಡು ತುಂಬಿಸಿಕೊಂಡು ಹೊರಡುತ್ತಾನೆ. ಕೌಂಟರಿನ ಹುಡುಗಿ ಅತ್ತರೆ ಅವಳಿಗೆ ಸಮಾಧಾನವನ್ನೂ ಹೇಳುತ್ತಾನೆ! ಕ್ಯಾಷಿಯರ್ ಆಗಿ ನಿವೃತ್ತರಾದ ಅಪ್ಪ, "ಇಷ್ಟು ಮರ್ಯಾದೆಯಾಗಿ ಮಾತಾಡೋ ಗಿರಾಕಿ ನಮಗೆ ಸಿಗಲೇ ಇಲ್ವಲ್ಲೋ" ಅಂದರು.

ನಟಿ ಸಿಸ್ಸಿ ಸ್ಪೇಸೆಕ್ ಜೊತೆ ಹೋಟೆಲಿನಲ್ಲಿ ಕೂತು ಹರಟುವ ದೃಶ್ಯಗಳಿಗೇ ಟಿಕೆಟ್ ದುಡ್ಡು ಕೊಡಬಹುದು. ವಯಸ್ಸಾದ ಸ್ಟಾರ್ ಕೈಯಲ್ಲಿ ಹತ್ತು ಜನರನ್ನು ಹೊಡೆಸುವುದಿಲ್ಲ ನಿರ್ದೇಶಕ ಡೇವಿಡ್ ಲೋರಿ. ಮುಖದ ಸುಕ್ಕನ್ನೂ ಮುಚ್ಚಿಲ್ಲ. ಸೂಪರ್ 16 ಎಂಬ ಸಣ್ಣ ಅಳತೆಯ ಫಿಲ್ಮಿನಲ್ಲಿ ತೆಗೆದಿದ್ದರಿಂದ ಚಿತ್ರಕ್ಕೆ ಹಳೇ ಕಾಲದ ಒರಟು ಕಳೆಯೂ ಇದೆ.

ಆದರೆ ಸಿಕ್ಕಿಬೀಳುತ್ತಾನಾ ಅನ್ನೋ ಎದೆಬಡಿತ ಕಡಿಮೆ. ಕೇಸಿ ಆಫ್ಲೆಕ್‌ನ ಪೊಲೀಸ್ ಸುಮ್ನೆ ನಿದ್ದೆಗಣ್ಣಲ್ಲಿ ಓಡಾಡುತ್ತಾನೆ. ಜೊತೆಗಳ್ಳರಾದ ಡ್ಯಾನಿ ಗ್ಲವರ್, ಟಾಮ್ ವೇಟ್ಸ್ ಅವರಿಗೆ ಕೆಲಸವೇ ಸಾಲದು. ಅಂಥವರನ್ನು ಕರೆಸಿ ಮೂಲೆಯಲ್ಲಿ ಕೂರಿಸೋದು ಯಾಕೆ? ಜೈಲಿನಿಂದ ತಪ್ಪಿಸಿಕೊಳ್ಳುವ ಸರಣಿ ಮಾತ್ರ ಮಜಾ. ಅದರಲ್ಲಿ ರೆಡ್‌ಫೋರ್ಡ್‌ರ 1966ರ ಸಿನಿಮಾವೊಂದರ ತುಣುಕನ್ನೇ ಸೇರಿಸಿದ್ದಾರೆ, ಕಣ್ಣಿಟ್ಟು ನೋಡಿ.